ದಾಖಲೆ ಆವೃತ್ತಿಗಳ ಹೋಲಿಕೆ ಮತ್ತು ವಿಲೀನ

ದಾಖಲೆ ಆವೃತ್ತಿಗಳ ಹೋಲಿಕೆ ಮತ್ತು ವಿಲೀನ ಎಂಬುದು ಒಂದೇ ಬರಹದ ಬೇರೆ ಬೇರೆ ಪ್ರತಿಗಳಲ್ಲಿರುವ ವ್ಯತ್ಯಾಸಗಳನ್ನು ಗುರುತಿಸಿ, ಅವುಗಳನ್ನು ಒಂದೇ ಪ್ರತಿಯಲ್ಲಿ ಕೂಡಿಸಲು ವರ್ಡ್ ಪ್ರೊಸೆಸರ್ ತಂತ್ರಾಂಶಗಳು ಒದಗಿಸುವ ಸೌಲಭ್ಯ. ಕರಾರುಪತ್ರ, ಪ್ರಬಂಧ, ವರದಿ ಮೊದಲಾದವುಗಳನ್ನು ಹಲವರು ತಿದ್ದುವಾಗ ಇದು ಬಳಕೆಯಾಗುತ್ತದೆ.

ಕಾರ್ಯವಿಧಾನ

ಹೋಲಿಕೆಯ ತಂತ್ರಾಂಶಗಳು ಸಾಮಾನ್ಯವಾಗಿ ಎರಡೂ ಪ್ರತಿಗಳಲ್ಲಿ ಅದೇ ಕ್ರಮದಲ್ಲಿ ಬರುವ ಭಾಗಗಳನ್ನು ಹುಡುಕಿ, ಉಳಿದುದನ್ನು ಸೇರ್ಪಡೆ ಅಥವಾ ಅಳಿಸುವಿಕೆ ಎಂದು ಗುರುತಿಸುತ್ತವೆ. ಯೂನಿಕ್ಸ್ ವ್ಯವಸ್ಥೆಯ 'ಡಿಫ್' ಇಂತಹ ಆರಂಭಿಕ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು. ಅದರ ವಿಧಾನವನ್ನು ಜೇಮ್ಸ್ ಹಂಟ್ ಮತ್ತು ಡಗ್ಲಾಸ್ ಮ್ಯಾಕಿಲ್‌ರಾಯ್ 1976ರಲ್ಲಿ ವಿವರಿಸಿದರು. ಡಿಫ್ ಸಾಲುಗಳನ್ನು ಹೋಲಿಸಿದರೆ, ವರ್ಡ್ ಪ್ರೊಸೆಸರ್‌ಗಳು ಪದಗಳ ಮಟ್ಟದಲ್ಲಿಯೂ ಹೋಲಿಸಬಲ್ಲವು.

ತಂತ್ರಾಂಶಗಳಲ್ಲಿ ಬಳಕೆ

ಮೈಕ್ರೋಸಾಫ್ಟ್ ವರ್ಡ್‌ನ 'ರಿವ್ಯೂ' ವಿಭಾಗದಲ್ಲಿ 'ಕಂಪೇರ್' ಮತ್ತು 'ಕಂಬೈನ್' ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು, ಪ್ರತಿಗಳಲ್ಲಿ ಈಗಾಗಲೇ ದಾಖಲಾಗಿರುವ ತಿದ್ದುಪಡಿಗಳನ್ನು ಒಪ್ಪಿಕೊಂಡಂತೆ ಭಾವಿಸಿ ವ್ಯತ್ಯಾಸಗಳನ್ನು ತೋರಿಸುತ್ತದೆ. ಎರಡನೆಯದು, ಯಾರ ತಿದ್ದುಪಡಿ ಯಾವುದೆಂಬ ಗುರುತನ್ನು ಉಳಿಸಿಕೊಂಡು ಅವುಗಳನ್ನು ಒಟ್ಟುಗೂಡಿಸುತ್ತದೆ.

ಲಿಬ್ರೆಆಫೀಸ್ ರೈಟರ್‌ನಲ್ಲಿ ಹೊಸ ಪ್ರತಿಯನ್ನು ತೆರೆದು ಹಳೆಯದರೊಡನೆ ಹೋಲಿಸಬೇಕು. ಕ್ರಮ ತಪ್ಪಿದರೆ ಸೇರಿಸಿದ ಮಾತು ಅಳಿಸಿದಂತೆ ಕಾಣುತ್ತದೆ. ವಿಲೀನಕ್ಕೆ, ದಾಖಲಾದ ತಿದ್ದುಪಡಿಗಳ ಹೊರತು ಉಳಿದ ಪಠ್ಯವೆಲ್ಲ ಎರಡರಲ್ಲಿಯೂ ಒಂದೇ ಆಗಿರಬೇಕು.

ಕನ್ನಡ ಪಠ್ಯದ ಹೋಲಿಕೆ

ಹೋಲಿಕೆ ನಡೆಯುವುದು ಅಕ್ಷರಗಳ ಆಕಾರದ ಮೇಲಲ್ಲ, ಅವುಗಳ ಹಿಂದಿರುವ ಸಂಕೇತಗಳ ಮೇಲೆ. ಒಂದು ಪ್ರತಿ ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿಯೂ ಇನ್ನೊಂದು ಯೂನಿಕೋಡ್‌ನಲ್ಲಿಯೂ ಇದ್ದರೆ, ಓದಲು ಒಂದೇ ಆಗಿದ್ದರೂ ಕನ್ನಡ ಪಠ್ಯವೆಲ್ಲ ಬದಲಾದಂತೆ ತೋರುತ್ತದೆ. ಆದ್ದರಿಂದ ಹೋಲಿಕೆಗೆ ಮೊದಲು ಹಳೆಯ ಪ್ರತಿಯನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಯೂನಿಕೋಡ್‌ನಲ್ಲಿಯೂ 'ರಾಜ್‌ಕುಮಾರ್' ಎಂಬಂತಹ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಬಳಸುವ ಸಂಕೇತವು ಕಣ್ಣಿಗೆ ಕಾಣದಿದ್ದರೂ ವ್ಯತ್ಯಾಸಕ್ಕೆ ಕಾರಣವಾಗಬಹುದು.

ಮಿತಿಗಳು

ತಂತ್ರಾಂಶವು ವ್ಯತ್ಯಾಸವನ್ನು ತೋರಿಸುತ್ತದೆಯೇ ಹೊರತು ಅದರ ಅರ್ಥವನ್ನು ಅರಿಯುವುದಿಲ್ಲ. ಬಾಡಿಗೆ ಕರಾರಿನಲ್ಲಿ ಪಾವತಿಯ ದಿನವನ್ನು ಒಬ್ಬರು 5ರಿಂದ 10ಕ್ಕೆ ಬದಲಿಸಿ, ಇನ್ನೊಬ್ಬರು ಆ ವಾಕ್ಯವನ್ನೇ ತೆಗೆದುಹಾಕಿದ್ದರೆ, ಯಾವುದು ಉಳಿಯಬೇಕೆಂದು ನಿರ್ಧರಿಸಬೇಕಾದವರು ಕರಾರಿನ ಪಕ್ಷಗಾರರೇ. ಎಲ್ಲ ತಿದ್ದುಪಡಿಗಳನ್ನೂ ಒಟ್ಟಿಗೆ ಒಪ್ಪಿಕೊಂಡರೆ ಇಂತಹ ಬದಲಾವಣೆ ಗಮನಕ್ಕೆ ಬಾರದೆ ಉಳಿಯಬಹುದು. ಆದಕಾರಣ ಮೂಲ ಪ್ರತಿಯನ್ನು ಪ್ರತ್ಯೇಕವಾಗಿ ಕಾಯ್ದಿರಿಸಿ, ತಿದ್ದುಪಡಿಗಳನ್ನು ಒಂದೊಂದಾಗಿ ಪರಿಶೀಲಿಸುವುದು ಸೂಕ್ತ.