ಬೇಸಿಗೆಯ ಮೆಟ್ಟೂರಿನಲ್ಲಿ ಮೀನು ಎಲ್ಲಿರುತ್ತದೆ?

ಬಿಸಿಲು ಏರಿದರೆ ಮೀನು ತಳ ಸೇರುತ್ತದೆ, ಗಾಳವನ್ನು ಆಳಕ್ಕೆ ಬಿಡಬೇಕು ಎಂದು ಹವ್ಯಾಸಿಗಳು ಹೇಳುವುದುಂಟು. ಅಮೆರಿಕ ಮತ್ತು ಕೆನಡಾದ ದೊಡ್ಡ ಸರೋವರಗಳಲ್ಲಿ ಸ್ಮಾಲ್‌ಮೌತ್ ಬಾಸ್ ಹಿಡಿಯುವವರಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಆದರೆ ಮೇ ತಿಂಗಳಲ್ಲಿ ಕಾವೇರಿಯ ಮೆಟ್ಟೂರು ಜಲಾಶಯದಲ್ಲಿ ಇದನ್ನೇ ನಂಬಿ ಕುಳಿತರೆ, ಗಾಳ ಮೀನೇ ಸುಳಿಯದ ನೀರಿನಲ್ಲಿ ಇಳಿಬಿದ್ದಿರುವ ಸಂಭವವೇ ಹೆಚ್ಚು. ವ್ಯತ್ಯಾಸ ಇರುವುದು ಮೀನಿನ ಜಾತಿಗಿಂತ ಹೆಚ್ಚಾಗಿ ನೀರಿನಲ್ಲಿ.

ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈರಿ, ಒಂಟಾರಿಯೊದಂಥ ಸರೋವರಗಳ ನೀರು ವಸಂತದಲ್ಲಿ ಈ ಉಷ್ಣತೆಯ ಆಸುಪಾಸಿಗೆ ಬಂದಾಗ ಗಾಳಿ ಅದನ್ನು ತಳದವರೆಗೂ ಕಲಕುತ್ತದೆ. ಅಷ್ಟು ತಣ್ಣಗಿನ ಒಂದು ಲೀಟರ್ ನೀರು ಸುಮಾರು 13 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲದು. ಆಮೇಲೆ ಬೇಸಿಗೆಯ ಬಿಸಿನೀರು ಹಾಲಿನ ಮೇಲಿನ ಕೆನೆಯಂತೆ ಮೇಲೆ ನಿಲ್ಲುತ್ತದೆ, ಚಳಿಗಾಲದ ಆಮ್ಲಜನಕದ ದಾಸ್ತಾನು ಕೆಳಗೆ ಉಳಿಯುತ್ತದೆ. ಬಾಸ್ ಕೆಲವು ಮೀಟರ್ ಇಳಿದು ಕಲ್ಲುಸಾಲಿನ ಪಕ್ಕ ನಿಂತರೆ ತಂಪೂ ಸಿಕ್ಕಿತು, ಉಸಿರೂ ಸಿಕ್ಕಿತು. ಅಲ್ಲಿಯೂ ಎಲ್ಲ ಕಡೆ ಹೀಗಿಲ್ಲ. ಈರಿಯ ನಡುಭಾಗದ ತಳದಲ್ಲಿ ಬೇಸಿಗೆಯ ಕೊನೆಗೆ ಆಮ್ಲಜನಕ ಬತ್ತಿಹೋಗುತ್ತದೆ, ಮೀನುಗಳು ಆ ಜಾಗ ಬಿಟ್ಟು ಸರಿಯುತ್ತವೆ.

ಮೆಟ್ಟೂರಿಗೆ ಅಂಥ ಚಳಿಗಾಲವೇ ಇಲ್ಲ. 1934ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ಪೂರ್ಣಮಟ್ಟ 120 ಅಡಿ, ತುಂಬಿದಾಗ ನೀರು ಸುಮಾರು 150 ಚದರ ಕಿಲೋಮೀಟರಿನಷ್ಟು ಹರಡುತ್ತದೆ. ಒಂದು ದಡದಲ್ಲಿ ಸೇಲಂ ಜಿಲ್ಲೆ, ಇನ್ನೊಂದರಲ್ಲಿ ಧರ್ಮಪುರಿ, ಮೇಲ್ಗಡೆ ಪಾಲಾರ್ ಕೂಡುವಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಗಡಿ. ಇಲ್ಲಿ ತಳದ ನೀರು ಕೂಡ ವರ್ಷವಿಡೀ 20 ಡಿಗ್ರಿಗಿಂತ ಬೆಚ್ಚಗೇ ಇರುತ್ತದೆ. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಕರಗೀತು. ಅಂದರೆ ದಾಸ್ತಾನು ಮೊದಲೇ ಚಿಕ್ಕದು. ಅದರ ಜೊತೆಗೆ ತಳಕ್ಕೆ ಬಿದ್ದ ಪಾಚಿ, ಎಲೆ, ಕಸವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೆಚ್ಚನೆಯ ನೀರಿನಲ್ಲಿ ಚುರುಕಾಗಿ ದುಡಿದು ಇದ್ದದ್ದನ್ನೂ ಬೇಗ ಮುಗಿಸುತ್ತವೆ.

ಇನ್ನೊಂದು ಸಂಗತಿ ನನಗೆ ಬಹಳ ಸೋಜಿಗದ್ದು. ನೀರು 4ರಿಂದ 5 ಡಿಗ್ರಿಗೆ ಏರಿದಾಗ ಅದರ ಸಾಂದ್ರತೆ ಕಡಮೆಯಾಗುವುದು ಅತ್ಯಲ್ಪ. 29ರಿಂದ 30ಕ್ಕೆ ಏರಿದಾಗ ಆಗುವ ಇಳಿಕೆ ಅದರ 30 ಪಟ್ಟಿಗೂ ಹೆಚ್ಚು. ಆದ್ದರಿಂದ ನಮ್ಮ ಕಡೆಯ ಜಲಾಶಯಗಳಲ್ಲಿ ಮೇಲಿನ ನೀರಿಗೂ ಕೆಳಗಿನದಕ್ಕೂ ಎರಡು ಮೂರು ಡಿಗ್ರಿಯ ಅಂತರವಿದ್ದರೂ ಸಾಕು, ಗಾಳಿಯಿಲ್ಲದ ದಿನಗಳಲ್ಲಿ ಅವು ಬೆರೆಯದೆ ನಿಲ್ಲುತ್ತವೆ. ಜೋರು ಗಾಳಿ ಬೀಸಿದರೆ, ತೂಬಿನಿಂದ ಕೆಳಗಿನ ನೀರು ಹೊರಹೋದರೆ, ಪದರ ಮುರಿಯುತ್ತದೆ. ಉತ್ತರದ ಸರೋವರಗಳಂತೆ ತಿಂಗಳುಗಟ್ಟಲೆ ಗಟ್ಟಿಯಾಗಿ ನಿಲ್ಲುವ ಪದರ ಇಲ್ಲಿಯದಲ್ಲ. ಮದ್ರಾಸ್ ರಾಜ್ಯದ ಜಲಾಶಯಗಳನ್ನು 1960ರ ದಶಕದಲ್ಲಿ ಅಧ್ಯಯನ ಮಾಡಿದ ಎ. ಶ್ರೀನಿವಾಸನ್ ಅವರು ಮೆಟ್ಟೂರಿನ ನೀರಿನ ಗುಣಕ್ಕೂ ಮೀನಿನ ಇಳುವರಿಗೂ ಇರುವ ನಂಟನ್ನು ಹುಡುಕಿದರು. ಜಲಾಶಯದ ಮೀನುಗಾರಿಕೆಯನ್ನು ಅರಿಯಲು ಅಂಥ ಕೆಲಸವೇ ಅಡಿಪಾಯ.

ಈಗ ಮೀನಿನ ಕಡೆಯಿಂದ ನೋಡೋಣ. ಮೀನಿನ ಮೈ ಸುತ್ತಲಿನ ನೀರಿನಷ್ಟೇ ಬಿಸಿಯಾಗುತ್ತದೆ. ನೀರು 10 ಡಿಗ್ರಿ ಏರಿದರೆ ಅದಕ್ಕೆ ಬೇಕಾಗುವ ಆಮ್ಲಜನಕ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ, ನೀರು ಹಿಡಿದಿಡುವ ಆಮ್ಲಜನಕವೋ ಕಡಮೆಯಾಗುತ್ತದೆ. ಮೇಲೆ ಬಿಸಿ, ಕೆಳಗೆ ಉಸಿರುಕಟ್ಟು. ಹೀಗಾಗಿ ಕಡುಬೇಸಿಗೆಯಲ್ಲಿ ಮೀನು ಬದುಕಲು ಅನುಕೂಲವಾದ ನೀರು ಎರಡರ ನಡುವಿನ ಒಂದು ತೆಳು ಪಟ್ಟಿ ಮಾತ್ರ.

ಈ ಪಟ್ಟಿಯೂ ಗಳಿಗೆಗಳಿಗೆಗೆ ಬದಲಾಗುತ್ತದೆ. ಪಾಚಿ ಹಗಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಬಳಸುತ್ತದೆ. ಮೆಟ್ಟೂರಿನ ಹಿನ್ನೀರು ಹಸಿರುಗಟ್ಟಿ ದುರ್ವಾಸನೆ ಬೀರುವುದನ್ನು ದಡದ ಊರಿನವರು ಬಲ್ಲರು. ಅಂಥ ನೀರಿನಲ್ಲಿ ಆಮ್ಲಜನಕ ಅತಿ ಕೆಳಗಿಳಿಯುವುದು ನಸುಕಿನಲ್ಲಿ. ಆಗ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಒದ್ದಾಟ. ಹಸಿರುಗಟ್ಟಿದ ನೀರಿನಲ್ಲಿ ಹೊತ್ತು ಹುಟ್ಟಿ ಒಂದೆರಡು ತಾಸು ಕಳೆದ ಮೇಲೆ, ಅದೂ ಅಲೆಗಳು ಬಂದು ಬಡಿಯುವ ದಡದಲ್ಲಿ ಗಾಳ ಹಾಕುವುದು ಜಾಣತನ. ಅಲೆ ಆಮ್ಲಜನಕ ಬೆರೆಸುತ್ತದೆ, ಗಾಳಿ ಪ್ಲವಕಗಳನ್ನು ಅಲ್ಲಿಗೆ ತಳ್ಳುತ್ತದೆ, ಚಿಕ್ಕ ಮೀನು ಅದಕ್ಕಾಗಿ ಬಂದರೆ ದೊಡ್ಡ ಮೀನು ಅದರ ಬೆನ್ನು ಹತ್ತುತ್ತದೆ.

ಎಲ್ಲ ಮೀನಿಗೂ ಒಂದೇ ಲೆಕ್ಕ ನಡೆಯದು. ಕಾಟ್ಲಾ ಮೇಲ್ನೀರಿನ ಪ್ಲವಕ ತಿನ್ನುವ ಮೀನು, ಅದರ ಬಾಯಿಯೇ ಮೇಲಕ್ಕೆ ತಿರುಗಿದೆ. ಅದು ಕಾವೇರಿಯ ಮೂಲದ್ದಲ್ಲ, ಗೋದಾವರಿಯ ಕಡೆಯಿಂದ ತಂದು ಬಿಟ್ಟದ್ದು. ರೋಹು ನಡುನೀರಿನದು. ಮೃಗಾಲ್ ತಳ ಕೆದಕಿ ತಿನ್ನುತ್ತದೆ, ಆದ್ದರಿಂದ ತಳ ಕೆಟ್ಟಾಗ ದಡದ ಕಡೆಗೆ ಸರಿಯುವುದೇ ಅದಕ್ಕಿರುವ ದಾರಿ. ಜಿಲೇಬಿ, ಎಂದರೆ ತಿಲಾಪಿಯಾ, ಕಡಮೆ ಆಮ್ಲಜನಕವನ್ನು ಈ ಮೂರಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ತಮಿಳಿನವರು ವಿರಾಲ್ ಎನ್ನುವ ಮೀನು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಹರಿಗೋಲಿನಲ್ಲಿ ಹೋಗಿ ರಂಗೂನ್ ಬಲೆ ಬಿಡುವ ಮೀನುಗಾರರು ಯಾವ ಹೊತ್ತಿಗೆ, ಎಷ್ಟು ಆಳಕ್ಕೆ ಎಂದು ತೀರ್ಮಾನಿಸುವಾಗ ನೀರಿನ ಆ ತೆಳು ಪಟ್ಟಿಯನ್ನೇ ಹುಡುಕುತ್ತಿರುತ್ತಾರೆ. ಅವರ ತಿಳಿವಳಿಕೆಗೆ ಪುಸ್ತಕದಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಬೇಸಿಗೆಯ ಜಲಾಶಯ ಕುಗ್ಗುತ್ತದೆ ಕೂಡ. ಪಣ್ಣವಾಡಿಯಲ್ಲಿ ಮುಳುಗಿದ ನಂದಿಯೂ ಹಳೆಯ ಚರ್ಚಿನ ಗೋಪುರವೂ ಮೇಲೆ ಕಾಣುತ್ತವೆ, ನೀರು ಹಿಂದೆ ಸರಿದ ನೆಲದಲ್ಲಿ ಬೇಸಾಯ ನಡೆಯುತ್ತದೆ. ಅಷ್ಟೂ ಮೀನು ಉಳಿದ ನೀರಿನಲ್ಲೇ ಒತ್ತಾಗಿರುವುದರಿಂದ ಹಿಡಿಯುವುದು ಸುಲಭ, ಅತಿಯಾಗಿ ಹಿಡಿಯುವುದು ಇನ್ನೂ ಸುಲಭ. ಒಣನೆಲದಲ್ಲಿ ಬೆಳೆದ ಹುಲ್ಲು ಮುಂದೆ ನೆರೆಯಲ್ಲಿ ಮುಳುಗಿ ಕೊಳೆತು ಮರಿಗಳಿಗೆ ಮೇವಾಗುತ್ತದೆ.

ಮೇಲ್ಭಾಗದ ಕಾವೇರಿಗೆ ಹೆಸರು ತಂದದ್ದು ಬೆನ್ನುಗೂನಿನ ಮಹಶೀರ್, ರಾಗಿ ಉಂಡೆಗೆ ಬರುವ ಮೀನು. 1946ರ ಮಾರ್ಚಿನಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಸುಮಾರು 54 ಕಿಲೋ ತೂಗಿತು. ಆ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹಿಡಿದು ಬಿಟ್ಟರೆ ಸಾಕಲ್ಲ ಎಂದು ಬೇಸಿಗೆಯಲ್ಲಿ ಹೇಳುವಂತಿಲ್ಲ. ಬಿಸಿನೀರಿನಲ್ಲಿ ಗಾಳದೊಡನೆ ಜಗ್ಗಾಡಿ ಸುಸ್ತಾದ ಮೀನು ಬೇಕಾದಷ್ಟು ಆಮ್ಲಜನಕ ಸಿಗದೆ ಚೇತರಿಸಿಕೊಳ್ಳುವುದಿಲ್ಲ, ಈಜಿಕೊಂಡು ಹೋದಂತೆ ಕಂಡದ್ದು ಕೆಲವು ತಾಸುಗಳ ನಂತರ ಸಾಯಬಹುದು. ಮಹಶೀರ್ ಸಿಕ್ಕಿಕೊಂಡರೆ ನೀರಿನಿಂದ ಎತ್ತದೆ ದಾರ ಕತ್ತರಿಸಿಬಿಡುವುದೇ ಸರಿ.

ಜುಲೈ ಹೊತ್ತಿಗೆ ಕಬಿನಿ, ಕೃಷ್ಣರಾಜಸಾಗರಗಳಿಂದ ಬಿಟ್ಟ ಕೆಂಪು ನೀರು ಹೊಗೇನಕಲ್ ದಾಟಿ ಬರುತ್ತದೆ. ಅದು ಜಲಾಶಯದ ನೀರಿಗಿಂತ ತಂಪು, ಮಣ್ಣು ಬೆರೆತದ್ದರಿಂದ ಭಾರ. ಹೀಗಾಗಿ ಮೇಲೆ ಹರಡದೆ ಕೆಳಗೆ ನುಗ್ಗಿ, ಮುಳುಗಿದ ಹಳೆಯ ಹೊಳೆಯ ಪಾತ್ರವನ್ನೇ ಹಿಡಿದು ಅಣೆಕಟ್ಟೆಯ ಕಡೆಗೆ ಸಾಗುತ್ತದೆ. ಉಸಿರಿಲ್ಲದೆ ಬಿದ್ದಿದ್ದ ತಳಕ್ಕೆ ಆಮ್ಲಜನಕ ತಲುಪುವುದು ಆಗ. ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡಲು ಆ ಹರಿವಿಗೆ ಎದುರಾಗಿ ಹೊಗೇನಕಲ್ ಕಡೆಗೆ ಹೊರಡುತ್ತವೆ.