ಹೋಗೂದು ಬಿಡು, ಬರೂದು ಹೇಳು!

"ತಮ್ಮಾ, ಅಮೆರಿಕಾಕ್ಕ ಯಾಕ ಹೊಂಟಿ?" ಅಂದರೆ ಬೈಲಹೊಂಗಲದ ಹುಡುಗ ಪಟಪಟನೆ ಹೇಳಿಯಾನು. "ತಿರುಗಿ ಯಾಕ ಬರ್ತಿ?" ಅಂದರೆ ಬಾಯಿ ಬಂದ್! ವೀಸಾ ಸಂದರ್ಶನದಲ್ಲಿ ಮುಗ್ಗರಿಸುವುದು ಇಲ್ಲೇ.

ಕಾಲೇಜು ಹುಡುಗರು ಬೇಸಿಗೆ ರಜೆಯಲ್ಲಿ ಅಲ್ಲಿನ ಹೋಟೆಲು, ಪಾರ್ಕುಗಳಲ್ಲಿ ಹೆಚ್ಚೆಂದರೆ 4 ತಿಂಗಳು ದುಡಿದು ಬರುವ ಯೋಜನೆಯೊಂದುಂಟು. ಅದರ ವೀಸಾಕ್ಕೆ ಜೆ-1 ಎಂದು ಹೆಸರು. ಆದರೆ ಅಮೆರಿಕದ 1952ರ ವಲಸೆ ಕಾಯ್ದೆ ಬಲು ಸಂಶಯದ್ದು. ಬಂದವನು ಅಲ್ಲೇ ಬೇರೂರುತ್ತಾನೆಂದೇ ಮೊದಲು ಹಿಡಿಯುತ್ತದೆ. ಅಲ್ಲವೆಂದು ತೋರಿಸುವ ಭಾರ ಹುಡುಗನದು. ಅದೂ ಮುಂಬೈಯಲ್ಲೋ ಚೆನ್ನೈಯಲ್ಲೋ ಕಿಟಕಿಯ ಮುಂದೆ ನಿಂತು, ಕೆಲವೇ ನಿಮಿಷದಲ್ಲಿ, ಇಂಗ್ಲಿಷಿನಲ್ಲಿ!

ಪಾಸ್‌ಪೋರ್ಟು, ಪ್ರಾಯೋಜಕ ಸಂಸ್ಥೆಯ ಡಿಎಸ್-2019 ಕಾಗದ, ಕೆಲಸದ ಪತ್ರ ಬೇಕೇ ಬೇಕು. ಜತೆಗೆ ಕಾಲೇಜಿನ ಬೋನಾಫೈಡ್. ಮುಂದಿನ ಸೆಮಿಸ್ಟರ್ ಎಂದು ಶುರು ಎಂಬುದು ಅದರಲ್ಲಿರಲಿ. ಕಿತ್ತೂರಿನಲ್ಲಿ ಹೊಲವಿದ್ದರೆ ಉತಾರ, ಸವದತ್ತಿಯಲ್ಲಿ ಅಪ್ಪನ ಅಂಗಡಿಯಿದ್ದರೆ ಲೈಸೆನ್ಸು. ರಾಮದುರ್ಗದಲ್ಲಿ ಮನೆಯ ಮಗ್ಗವಿದ್ದರೆ ಅದನ್ನೂ ಹೇಳಬಹುದು. ಸಾಹೇಬರು ಕಾಗದ ನೋಡದೆಯೂ ಕಳಿಸಬಹುದು, ಆದರೆ ಕೇಳಿದಾಗ ಚೀಲ ತಡಕಾಡಬಾರದಲ್ಲ! ಗಿಳಿಪಾಠವಂತೂ ಬೇಡ. ಕೆಲಸ ಯಾವ ಊರಲ್ಲಿ, ತಾಸಿಗೆ ಪಗಾರ ಎಷ್ಟು, ಇರೋದೆಲ್ಲಿ, ಇಷ್ಟು ಗೊತ್ತಿರಲಿ.

"ಬ್ಯಾಂಕಿನ ಕಾಗದ ನಾ ಮಾಡಿಸಿ ಕೊಡ್ತೀನ್ರಿ" ಎನ್ನುವ ಏಜಂಟ ಸಿಕ್ಕರೆ ದೂರ ಸರಿಯಿರಿ. ವೀಸಾ ಸಿಗದವನು ಮತ್ತೆ ಅರ್ಜಿ ಹಾಕಬಹುದು. 2023ರಲ್ಲಿ 185 ಡಾಲರಿಗೆ ಏರಿದ ಶುಲ್ಕ ಮಾತ್ರ ವಾಪಸ್ ಬರದು. ಸುಳ್ಳು ಕಾಗದ ಸಿಕ್ಕಿಬಿತ್ತೋ, ಅಮೆರಿಕದ ಬಾಗಿಲು ಜೀವಮಾನಪೂರ್ತಿ ಮುಚ್ಚಬಹುದು. ಆಗ ಆ ಏಜಂಟ ಕಿಟಕಿಯ ಹತ್ತಿರ ಇರುವುದಿಲ್ಲ.