ರಕ್ತದ ಹರಿವನ್ನು ಓದುವ ಕೈ

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ಮೀನಖಂಡ ನೋಯತೊಡಗಿದರೆ, ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂಬ ಶಂಕೆ ವೈದ್ಯರಿಗೆ ಬರುತ್ತದೆ. ಆ ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಈ ಶಂಕೆಯನ್ನು ಬಗೆಹರಿಸುವ ಅಲ್ಟ್ರಾಸೌಂಡ್ ಪರೀಕ್ಷೆ ನೋಡುವವರಿಗೆ ತೀರಾ ಸರಳ ಅನ್ನಿಸುತ್ತದೆ.

ತೊಡೆಸಂದಿಗೆ ಜೆಲ್ ಸವರಿ, ಧ್ವನಿ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ಪ್ರೋಬನ್ನು ಅಡ್ಡವಾಗಿ ಇಟ್ಟರೆ ಪರದೆಯ ಮೇಲೆ ಎರಡು ಕಪ್ಪು ವೃತ್ತಗಳು ಅಕ್ಕಪಕ್ಕ ಕಾಣುತ್ತವೆ. ಒಂದು ಅಪಧಮನಿ, ಇನ್ನೊಂದು ಅಭಿಧಮನಿ. ಪ್ರೋಬಿನಿಂದ ಮೆಲ್ಲಗೆ ಒತ್ತಿದಾಗ ತೆಳು ಗೋಡೆಯ ಅಭಿಧಮನಿ ಚಪ್ಪಟೆಯಾಗಿ ಪೂರ್ತಿ ಮುಚ್ಚಿಕೊಳ್ಳಬೇಕು; ಒಳಗೆ ಒತ್ತಡ ಹೆಚ್ಚಿರುವ ಅಪಧಮನಿ ದುಂಡಗೇ ಉಳಿಯಬೇಕು. ಸಾಕಷ್ಟು ಒತ್ತಿದರೂ ಅಭಿಧಮನಿ ಮುಚ್ಚಿಕೊಳ್ಳದಿದ್ದರೆ ಅಲ್ಲಿ ಹೆಪ್ಪು ಕೂತಿದೆ ಎಂದರ್ಥ. ಹೊಸ ಹೆಪ್ಪು ಎಷ್ಟೋ ಸಲ ರಕ್ತದಷ್ಟೇ ಕಪ್ಪಗಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಒತ್ತುವ ಕೈ ಅದನ್ನು ಪತ್ತೆ ಮಾಡುತ್ತದೆ. ಒತ್ತಡ ಸಾಲದೆ ಹೋದರೆ ಆರೋಗ್ಯವಾಗಿರುವ ನಾಳವೂ ಮುಚ್ಚದೆ ದಾರಿ ತಪ್ಪಿಸುತ್ತದೆ. ಹೀಗೆ ತೊಡೆಸಂದಿನಿಂದ ಮಂಡಿಯ ಹಿಂಭಾಗದವರೆಗೆ, ಅಲ್ಲಿಂದ ಮೀನಖಂಡದವರೆಗೆ, ಒಂದೆರಡು ಸೆಂಟಿಮೀಟರಿಗೊಮ್ಮೆ ಒತ್ತಿ ಬಿಡುತ್ತ ಸಾಗಬೇಕು. ನಾಳವನ್ನು ಸುಮ್ಮನೆ ನೋಡಿದರೆ ಸಾಲದು, ಅದರಿಂದ ಉತ್ತರ ಹೊರಡಿಸಬೇಕು. ಈ ವಿದ್ಯೆಯ ಜೀವಾಳ ಇದೇ.

ನಾಳದ ಆಕಾರ ತಿಳಿದ ಮೇಲೆ ಅದರೊಳಗಿನ ಹರಿವನ್ನು ತಿಳಿಯಬೇಕು. ಅದಕ್ಕೆ ಆಧಾರವಾದ ತತ್ವವನ್ನು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದರು. ಆಗ ಅವರ ಮನಸ್ಸಿನಲ್ಲಿದ್ದದ್ದು ಜೋಡಿ ನಕ್ಷತ್ರಗಳ ಬಣ್ಣ. 1845ರಲ್ಲಿ ಡಚ್ ವಿಜ್ಞಾನಿ ಬೈಸ್ ಬಾಲಟ್ ರೈಲಿನಲ್ಲಿ ಕಹಳೆ ಊದುವವರನ್ನು ಕೂರಿಸಿ, ಹತ್ತಿರ ಬರುವ ದನಿಯ ಸ್ವರ ಏರುವುದನ್ನೂ ದೂರ ಸರಿಯುವ ದನಿಯ ಸ್ವರ ಇಳಿಯುವುದನ್ನೂ ತೋರಿಸಿಕೊಟ್ಟರು. ಇದೇ ತತ್ವವನ್ನು ಜಪಾನಿನ ಒಸಾಕಾದಲ್ಲಿ ಶಿಗೆಯೊ ಸಾತೊಮುರಾ 1950ರ ದಶಕದಲ್ಲಿ ಹೃದಯ ಮತ್ತು ರಕ್ತನಾಳಗಳಿಗೆ ಅನ್ವಯಿಸಿದರು. ಚಿತ್ರ ಮತ್ತು ಹರಿವು ಎರಡನ್ನೂ ಒಂದೇ ಯಂತ್ರದಲ್ಲಿ ತೋರಿಸುವ ಡ್ಯೂಪ್ಲೆಕ್ಸ್ ಸ್ಕ್ಯಾನ್ 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ಡೊನಾಲ್ಡ್ ಸ್ಟ್ರಾಂಡ್‌ನೆಸ್ ಮತ್ತು ಅವರ ಜೊತೆಗಿದ್ದ ಎಂಜಿನಿಯರುಗಳ ಶ್ರಮದಿಂದ ಬೆಳೆಯಿತು.

ಓಡುವ ಕೆಂಪು ರಕ್ತಕಣಗಳಿಗೆ ತಾಗಿ ಮರಳುವ ಪ್ರತಿಧ್ವನಿಯ ಆವರ್ತನ ಬದಲಾಗಿರುತ್ತದೆ. ಆ ಬದಲಾವಣೆಯಿಂದ ಯಂತ್ರ ವೇಗವನ್ನು ಲೆಕ್ಕಹಾಕುತ್ತದೆ. ಆದರೆ ಲೆಕ್ಕ ಸರಿಬರುವುದು ಧ್ವನಿಗೂ ಹರಿವಿಗೂ ನಡುವಿನ ಕೋನ ಸರಿಯಿದ್ದಾಗ ಮಾತ್ರ. ಧ್ವನಿ ನಾಳಕ್ಕೆ ನೇರ ಲಂಬವಾಗಿ ಬಿದ್ದರೆ, ರಕ್ತ ರಭಸದಿಂದ ಹರಿಯುತ್ತಿದ್ದರೂ ಹರಿವೇ ಇಲ್ಲವೆನ್ನುವಂತೆ ಕಾಣಬಹುದು. ಆದ್ದರಿಂದ ಕೋನವನ್ನು 60 ಡಿಗ್ರಿ ಮೀರದಂತೆ ಹಿಡಿಯುತ್ತಾರೆ. ಅಲ್ಲಿ 5 ಡಿಗ್ರಿ ತಪ್ಪಿದರೂ ವೇಗದ ಲೆಕ್ಕ ಶೇ. 10ಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಪರದೆಯ ಮೇಲಿನ ಕೆಂಪು, ನೀಲಿ ಬಣ್ಣಗಳು ಹೇಳುವುದೂ ಹರಿವಿನ ದಿಕ್ಕನ್ನು. ಪ್ರೋಬನ್ನು ಓರೆಮಾಡಿದರೆ ಕೆಂಪಾಗಿ ಕಂಡ ಅಪಧಮನಿಯೇ ನೀಲಿಯಾಗಿ ಕಾಣಬಹುದು.

ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಕೆರೊಟಿಡ್ ಅಪಧಮನಿಯಲ್ಲಿ ಈ ಲೆಕ್ಕಕ್ಕೆ ಬಹಳ ಬೆಲೆಯಿದೆ. ತೋಟದ ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ಚಿಮ್ಮುವಂತೆ, ಕೊಬ್ಬು ಕಟ್ಟಿ ಕಿರಿದಾದ ಜಾಗದಲ್ಲಿ ರಕ್ತ ರಭಸವಾಗಿ ನುಗ್ಗುತ್ತದೆ. ಈ ಅಪಧಮನಿಯ ಒಳಕವಲಿನಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಶೇ. 50ರಷ್ಟಾದರೂ ಕಿರಿದಾಗಿರಬಹುದೆಂದೂ, 230 ದಾಟಿದರೆ ಶೇ. 70 ಅಥವಾ ಅದಕ್ಕಿಂತ ಹೆಚ್ಚೆಂದೂ ಸಾಮಾನ್ಯವಾಗಿ ಅಂದಾಜಿಸುತ್ತಾರೆ. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ಚರ್ಚೆ ಹಲವು ಸಲ ಈ ಅಂಕಿಗಳಿಂದಲೇ ಶುರುವಾಗುತ್ತದೆ.

ಕಾಲಿನ ಅಪಧಮನಿಗೆ ಅದರದೇ ಲಯವಿದೆ. ಆರೋಗ್ಯವಂತರಲ್ಲಿ ಪ್ರತಿ ಬಡಿತಕ್ಕೂ ರಕ್ತ ಮುಂದೆ ನುಗ್ಗಿ, ಕ್ಷಣಮಾತ್ರ ಹಿಂದೆ ಸರಿದು, ಮತ್ತೆ ತುಸು ಮುಂದೆ ಸಾಗುತ್ತದೆ. ಮೇಲೆಲ್ಲೋ ತಡೆ ಬಿಗಿಯಾಗಿದ್ದರೆ ಈ ಮೂರು ಹೆಜ್ಜೆ ಅಳಿದು ಒಂದೇ ಮಂದ ಅಲೆ ಉಳಿಯುತ್ತದೆ. ಪಳಗಿದವರು ಪರದೆಯನ್ನು ನೋಡುವ ಮೊದಲೇ ಸ್ಪೀಕರಿನ ಸದ್ದಿನಲ್ಲಿ ಇದನ್ನು ಗುರುತಿಸುತ್ತಾರೆ.

ಉಬ್ಬಿದ ರಕ್ತನಾಳ, ಅಂದರೆ ವೆರಿಕೋಸ್ ವೇನ್ ಇದ್ದವರನ್ನು ನಿಲ್ಲಿಸಿಯೇ ಪರೀಕ್ಷಿಸಬೇಕು. ಮಲಗಿದರೆ ಅಭಿಧಮನಿಯೊಳಗಿನ ಕವಾಟಗಳ ಸೋಲು ಮರೆಯಾಗಿಬಿಡಬಹುದು. ಮೀನಖಂಡವನ್ನು ಹಿಸುಕಿದಾಗ ರಕ್ತ ಮೇಲೇರುತ್ತದೆ, ಕೈ ಬಿಟ್ಟಾಗ ಕವಾಟ ಮುಚ್ಚಿ ಅದನ್ನು ತಡೆಯಬೇಕು. ಚರ್ಮದ ಕೆಳಗಿನ ನಾಳಗಳಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ರಕ್ತ ಹಿಂದಕ್ಕೆ ಇಳಿದರೆ ಕವಾಟ ಸೋತಿದೆ ಎಂದು ಲೆಕ್ಕ. ಸೋರಿಕೆ ಎಲ್ಲಿಂದ ಶುರುವಾಗಿದೆ ಎಂದು ಹುಡುಕಿ ಗುರುತಿಸಿಕೊಟ್ಟರೆ, ಲೇಸರ್ ಚಿಕಿತ್ಸೆಗೆ ಅದೇ ನಕ್ಷೆ.

ಈ ಪರೀಕ್ಷೆಗೆ ವಿಕಿರಣ ಬೇಡ, ಸಾಮಾನ್ಯವಾಗಿ ಸೂಜಿಯೂ ಬೇಡ. ಎಷ್ಟು ಸಲ ಬೇಕಾದರೂ ಮಾಡಬಹುದು. ಇದು ಬೇಡುವುದು ಸಮಯವನ್ನು. ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿದರೆ, ಎದ್ದು ನಿಲ್ಲಿ, ಉಸಿರು ಹಿಡಿಯಿರಿ ಎಂದರೆ ರೋಗಿ ಗಾಬರಿಯಾಗಬೇಕಿಲ್ಲ, ಬೇಸರಪಡಬೇಕಿಲ್ಲ. ಸಡಿಲ ಬಟ್ಟೆ ಉಟ್ಟು, ಬಿಡುವು ಮಾಡಿಕೊಂಡು ಹೋಗಿ. ಸಾವಧಾನವಾಗಿ ಸ್ಕ್ಯಾನ್ ಮಾಡುವವರು ಸಿಕ್ಕರೆ ಅದು ನಿಮ್ಮ ಅದೃಷ್ಟ.